ಸಾವಿನಂಗಳದ ಕಲ್ಲಾಟ

ವಿನೆಟ್ ಮಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಳದೊಳಗೆ ಕಾಲಿಟ್ಟಾಗ ಗುಂಡಿ ತೋಡುತ್ತಿದ್ದ ಗಂಡಸರ ಪಿಕಾಸಿಗಳು ಒಂದು ಕ್ಷಣ ನಿಂತವು. ಆಮೇಲೆ ಮತ್ತೆ ಬೀಳತೊಡಗಿದವು. ಯಾರೂ ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಸಾವಾದ ಅಂಗಳದಿಂದ ಯಾರನ್ನೂ ಅಟ್ಟುವಂತಿಲ್ಲ, ಅಲ್ಲಿ ಹೊಡೆದಾಟ ಎಬ್ಬಿಸುವಂತಿಲ್ಲ. ಕ್ಲಾರೆಂಡನ್ ಗುಡ್ಡದ ಮೇಲಿನ ಆ ಊರಲ್ಲಿ ಬೇರೆ ಯಾವ ಕಟ್ಟಳೆ ಮುರಿದರೂ ಇದೊಂದನ್ನು ಯಾರೂ ಮುರಿಯುತ್ತಿರಲಿಲ್ಲ. ಆ ಧೈರ್ಯದ ಮೇಲೆಯೇ ಅವಳು ಬಂದಿದ್ದು.

ನಡುಮನೆಯಲ್ಲಿ ಕ್ಲೋವಿಸ್ ಐಸಿನ ಮೇಲೆ ಮಲಗಿದ್ದ. ಮಂಗಳವಾರ ಬಾಳೆಗೊನೆಯ ಲಾರಿ ತಿರುವಿನಲ್ಲಿ ಮಗುಚಿತ್ತು. ಗೊನೆಗಳ ಮೇಲೆ ಕೂತು ಹಾಡುತ್ತಿದ್ದವನು ಗೊನೆಗಳ ಕೆಳಗೆ ಸಿಕ್ಕಿ ಸತ್ತ. ಈಗ ಅಂಗಳದ ಮೂಲೆಯಲ್ಲಿ, ಅವನ ಅಪ್ಪನ ಪಕ್ಕದಲ್ಲಿ ಅವನಿಗೂ ಜಾಗ ತೋಡುತ್ತಿದ್ದರು. ದೀವಿಹಲಸಿನ ಮರದ ಕೆಳಗೆ ಬಡಗಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಮೂರು ಕಲ್ಲಿನ ಒಲೆಯ ಮೇಲೆ ಸೀಮೆಎಣ್ಣೆ ಡಬ್ಬದಲ್ಲಿ ಮೇಕೆತಲೆಯ ಸಾರು ಕುದಿಯುತ್ತಿತ್ತು. ರಮ್ಮಿನ ಬಾಟಲಿ ಗುಂಡಿಯ ಅಂಚಿನಿಂದ ಡಾಮಿನೋ ಹಲಗೆಗೆ, ಅಲ್ಲಿಂದ ಒಲೆಗೆ ಓಡಾಡುತ್ತಿತ್ತು.

"ಬಂದ್ಲು ನೋಡ್ರೇ," ಬಾಳೆಕಾಯಿ ಸುಲಿಯುತ್ತಿದ್ದ ಬರ್ನಿಸ್ ಎಲ್ಲರಿಗೂ ಕೇಳುವ ಹಾಗೆ ಅಂದಳು. "ಬಟ್ಟೆ ಒಗಿಯೋಕೆ ಬಂದಿರ್ಬೇಕು. ಕ್ಲೋವಿಸ್‌ದು ಒಂದಾದ್ರೂ ಅಂಗಿ ಈ ಮನೇಲಿ ಉಳಿದಿದ್ಯಾ, ನೋಡ್ರಪ್ಪಾ."

"ಉಳಿದಿರೋದೆಲ್ಲ ಅವಳ ಹಗ್ಗದ ಮೇಲೇ ಒಣಗ್ತಾ ಇದೆ," ಇನ್ನೊಬ್ಬಳು ಅಂದಳು.

ಹೆಂಗಸರು ನಕ್ಕರು. ವಿನೆಟ್ ಪಾದ್ರಿಯ ಮನೆಗೂ ಪೋಸ್ಟಾಫೀಸಿನವರಿಗೂ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಬದುಕುವವಳು. ಈ ನಗು ಅವಳಿಗೆ ಹೊಸದಲ್ಲ. ನೆಟ್ಟಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದ ಕ್ಲೋವಿಸ್‌ನ ತಾಯಿಯ ಮುಂದೆ ನಿಂತಳು.

"ಮಿಸ್ ಅಯೋನಿ, ಏವ್ರಿಲ್‌ನ ದಾಟಿಸ್ಬೇಕು. ಇನ್ನೇನೂ ಬೇಡ ನನಗೆ."

ಮುದುಕಿ ಮಗುವನ್ನು ನೋಡಿದಳು. ನಾಲ್ಕು ವರ್ಷದ ಆ ಮುಖದಲ್ಲಿ ಕ್ಲೋವಿಸ್‌ನ ಅಗಲ ಹಣೆ, ಕ್ಲೋವಿಸ್‌ನ ಒಂದು ಬದಿಗೆ ಜಗ್ಗಿದ ತುಟಿ. ಕುರುಡನಿಗೂ ಗೊತ್ತಾಗುವಂತಿತ್ತು.

"ನನ್ನ ಕೇಳಿ ಏನು ಬಂತು?" ಮುದುಕಿ ಮುಖ ತಿರುಗಿಸಿದಳು. "ಮನೆ ಅವಳ್ದು. ಗಂಡ ಅವಳೋನು. ಅವಳನ್ನ ಕೇಳು."

ಪೆಟ್ಟಿಗೆ ಎತ್ತುವ ಮುಂಚೆ ಸತ್ತವನ ಚಿಕ್ಕ ಮಕ್ಕಳನ್ನು ಒಬ್ಬೊಬ್ಬರಾಗಿ ಅದರ ಮೇಲಿಂದ ಈ ಬದಿಯಿಂದ ಆ ಬದಿಗೆ ದಾಟಿಸುತ್ತಾರೆ, ಹೆಸರು ಕೂಗಿ ಹೇಳಿ. ಹಾಗೆ ದಾಟಿಸಿದ ಮಗುವಿನ ತಂಟೆಗೆ ಅಪ್ಪನ ದೆವ್ವ ಬರುವುದಿಲ್ಲ. ದಾಟಿಸದೆ ಬಿಟ್ಟ ಮಗುವನ್ನು ಹುಡುಕಿಕೊಂಡು ಬರುತ್ತದೆ. ಹಟದಿಂದಲ್ಲ, ಪ್ರೀತಿಯಿಂದಲೇ. ಬಂದು ಆಡಿಸುತ್ತದೆ. ಆಡಿಸಿ ಆಡಿಸಿ ಮಗುವಿಗೆ ಜ್ವರ ಬರುತ್ತದೆ, ಮಗು ಊಟ ಬಿಡುತ್ತದೆ. ಆಮೇಲೆ ಒಂದು ದಿನ ಅಪ್ಪನ ಹಿಂದೆಯೇ ಹೊರಟುಹೋಗುತ್ತದೆ. ಹೀಗೆ ಹೋದ ಮಕ್ಕಳ ಹೆಸರನ್ನು ಊರಿನ ಯಾರು ಬೇಕಾದರೂ ಹೇಳಬಲ್ಲರು.

ವಿನೆಟ್ ಇಂಥದ್ದನ್ನು ಅಷ್ಟಾಗಿ ನಂಬಿದವಳಲ್ಲ. ಆದರೆ ಇವತ್ತು ಬೆಳಗಿನ ಜಾವ ಏವ್ರಿಲ್ ಎದ್ದು ಕೂತು ಕಿಲಕಿಲ ನಕ್ಕಿದ್ದಳು. "ಅಪ್ಪ ಕಚಗುಳಿ ಇಡ್ತಿದಾನೆ," ಅಂದಿದ್ದಳು. ಹಣೆ ಮುಟ್ಟಿದರೆ ಬೆಚ್ಚಗಿತ್ತು. ಆಮೇಲೆ ನಂಬುವುದು ಬಿಡುವುದು ಅನ್ನುವ ಮಾತೇ ಉಳಿಯಲಿಲ್ಲ.

ಕ್ಲೋವಿಸ್‌ನ ಹೆಂಡತಿ ಜೆಲ್ಫಾ ಒಳಗಿನಿಂದ ಬಂದಳು. ಕಪ್ಪು ಉಡುಪು, ಕಪ್ಪು ತಲೆವಸ್ತ್ರ. ಅತ್ತ ಕಣ್ಣು ಊದಿತ್ತು, ಆದರೆ ಬಾಯಿಗೆ ಏನೂ ಆಗಿರಲಿಲ್ಲ.

"ಯಾರಿವಳು?"

"ನಾನು ಯಾರಂತ ನಿನಗೆ ಗೊತ್ತು ಜೆಲ್ಫಾ. ಮಗುವನ್ನ ದಾಟಿಸು, ಹೋಗ್ತೀನಿ."

"ನನ್ನ ಮಕ್ಕಳು ಮೂರು. ಮೂರೂ ದಾಟ್ತವೆ. ನಾಲ್ಕನೇದನ್ನ ನಾನು ಹೆತ್ತಿಲ್ಲ."

"ನೀನು ಹೆತ್ತಿಲ್ಲ. ಅವನು ಹುಟ್ಟಿಸಿದ್ದು."

ಡಾಮಿನೋ ಹಲಗೆಯ ಸದ್ದು ನಿಂತಿತು. ಜೆಲ್ಫಾ ಒಂದು ಮೆಟ್ಟಿಲು ಇಳಿದಳು. "ಮದುವೆ ಉಂಗುರ ಇಲ್ಲಿದೆ. ಪಾದ್ರಿ ಪುಸ್ತಕದಲ್ಲಿ ಹೆಸರು ನಂದಿದೆ. ಹೊರಗಿನ ಮಗುವನ್ನ ನನ್ನ ಗಂಡನ ಪೆಟ್ಟಿಗೆ ಮೇಲೆ ದಾಟಿಸಿ, ಊರೆದುರಿಗೆ ಅವನ ಹೆಸರು ಕೂಗಿಸ್ಬೇಕಾ ನಾನು? ಬದುಕಿದ್ದಾಗ ಮಾಡಿದ ಅವಮಾನ ಸಾಲ್ದು ಅಂತ, ಸತ್ತ ಮೇಲೂ ಒಂದು ಬೇಕಾ?"

"ಅವಮಾನ ಮಾಡಿದವನು ಒಳಗೆ ಮಲಗಿದಾನೆ. ಅವನನ್ನ ಕೇಳು. ಇವಳು ಏನು ಮಾಡಿದ್ಲು?"

ಜೆಲ್ಫಾಳ ಕೈ ಮೇಲೆದ್ದಿತು. ಅಷ್ಟಕ್ಕೇ ನಿಂತಿತು. ಸಾವಿನಂಗಳ. ಎಲ್ಲರೂ ನೋಡುತ್ತಿದ್ದರು. ಅವಳು ಕೈ ಇಳಿಸಿ, ಉಂಗುರ ತಿರುಗಿಸುತ್ತಾ, ಸುತ್ತ ನೋಡಿದಳು. ಮಾವಿನ ಮರದ ಕೆಳಗೆ ಹೆಂಗಸರು ಕಲ್ಲಾಟಕ್ಕೆ ಸಿದ್ಧವಾಗುತ್ತಿದ್ದರು. ಗುಂಡಿ ತೋಡುವ ದಿನ ಗಂಡಸರಿಗೆ ಪಿಕಾಸಿಯ ಹಾಡು ಇದ್ದ ಹಾಗೆ ಹೆಂಗಸರಿಗೆ ಇದು. ಹೊಳೆಯಿಂದ ತಂದ ಮುಷ್ಟಿಗಾತ್ರದ ಕಲ್ಲುಗಳು ಚಾಪೆಯ ಮೇಲೆ ಬಿದ್ದಿದ್ದವು.

"ಕಲ್ಲಿಗೆ ಕೂರ್ತೀಯಾ?" ಜೆಲ್ಫಾ ಕೇಳಿದಳು. ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. "ಕೂತ್ಕೋ. ನನಗಿಂತ ಹೆಚ್ಚು ಹೊತ್ತು ಉಳಿದ್ರೆ ನಿನ್ನ ಮಗುವನ್ನ ನಾನೇ ದಾಟಿಸ್ತೀನಿ. ನನ್ನ ಕೈಯಾರೆ. ಎಲ್ಲರೂ ಕೇಳಿಸ್ಕೊಳ್ರಿ."

ಯಾಕೆ ಹೀಗಂದಳು ಅನ್ನುವುದು ವಿನೆಟ್‌ಗೆ ತಕ್ಷಣ ಹೊಳೆಯಿತು. ಸಾವಿನಂಗಳದಲ್ಲಿ ಹೊಡೆಯುವಂತಿಲ್ಲ. ಆದರೆ ಕಲ್ಲಾಟದಲ್ಲಿ ಬೆರಳು ಜಜ್ಜಿದರೆ ಅದು ಆಟ. ಇಬ್ಬರೂ ಒಂದೇ ಹೊಳೆದಂಡೆಯಲ್ಲಿ ಬೆಳೆದವರು. ಒಗೆದ ಬಟ್ಟೆ ಬಂಡೆಗಳ ಮೇಲೆ ಒಣಗುವವರೆಗೆ ಹುಡುಗಿಯರೆಲ್ಲ ಸುತ್ತು ಕೂತು ಆಡುತ್ತಿದ್ದದ್ದು ಇದನ್ನೇ. ಜೆಲ್ಫಾಳ ಬಲಕ್ಕೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಹಾಡು ಜೋರಾದಾಗ ಅವಳು ತಾಳಕ್ಕಿಂತ ಒಂದು ಚಿಟಿಕೆ ಮುಂಚೆ ಕಲ್ಲು ಕುಟ್ಟುತ್ತಿದ್ದಳು. ಪಕ್ಕದವಳ ಬೆರಳು ಇನ್ನೂ ಅಲ್ಲೇ ಇರುತ್ತಿತ್ತು. ಕೇಳಿದರೆ, ನೀನೇ ನಿಧಾನ ಅನ್ನುತ್ತಿದ್ದಳು.

"ಬೇಡ ಕಣೇ," ಜೆಲ್ಫಾಳ ತಂಗಿ ಅಡಿನಾ ಅಕ್ಕನ ತೋಳು ಹಿಡಿದಳು. "ಇವತ್ತು ಬೇಡ."

"ನೀನು ಸುಮ್ನಿರು."

ವಿನೆಟ್ ಮಗುವನ್ನು ಮಿಸ್ ಅಯೋನಿಯ ಪಕ್ಕ ಮೆಟ್ಟಿಲ ಮೇಲೆ ಕೂರಿಸಿದಳು. ಮುದುಕಿ ಬೇಡ ಅನ್ನಲಿಲ್ಲ, ಮುಟ್ಟಲೂ ಇಲ್ಲ. ವಿನೆಟ್ ಹೋಗಿ ಚಾಪೆಯ ಮೇಲೆ ಮಂಡಿಯೂರಿದಳು. ಎಡಕ್ಕೆ ಜೆಲ್ಫಾ, ಬಲಕ್ಕೆ ಬರ್ನಿಸ್. ಜೆಲ್ಫಾಳ ಆಚೆ ಅಡಿನಾ. ಇನ್ನೂ ಮೂವರು ಹೆಂಗಸರು ಸುತ್ತು ಮುಚ್ಚಿದರು. ಪ್ರತಿಯೊಬ್ಬರ ಮುಂದೆ ಒಂದು ಕಲ್ಲು.

"ಒಗೆಯೋ ಕೈ," ಬರ್ನಿಸ್ ಅವಳ ಅಂಗೈ ನೋಡಿ ಅಂದಳು. "ನಾಳೆ ಪಾದ್ರಿ ಕೊಳೆ ಅಂಗೀಲೇ ಪ್ರಸಂಗ ಮಾಡ್ಬೇಕಾಗುತ್ತೋ ಏನೋ."

"ನಿನ್ನ ಬೆರಳು ನೋಡ್ಕೋ ಬರ್ನಿಸ್. ನನ್ನ ಕಲ್ಲು ನಿನ್ನ ಮುಂದೇನೇ ಬೀಳೋದು."

ಬರ್ನಿಸ್ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

ಮಿಸ್ ಅಯೋನಿಯೇ ಹಾಡು ಎತ್ತಿದಳು. ಮಗ ಸತ್ತಿದ್ದರೂ ಊರಲ್ಲಿ ಆ ಹಾಡು ಎತ್ತುವ ಗಂಟಲು ಬೇರೆ ಇರಲಿಲ್ಲ. ಅವಳು ಒಂದು ಸಾಲು ಹೇಳುತ್ತಿದ್ದಳು, ಸುತ್ತು ಅದಕ್ಕೆ ತಿರುಗಿ ಹೇಳುತ್ತಿತ್ತು. ಕೊನೆಯ ಮಾತಿಗೆ ಎಲ್ಲ ಕಲ್ಲುಗಳೂ ಒಟ್ಟಿಗೆ ಬಲಗಡೆಯವಳ ಮುಂದೆ ಬೀಳಬೇಕು. ಇಟ್ಟ ಕೈ ಖಾಲಿಯಾಗಿ ಹಿಂದಕ್ಕೆ ಬಂದು, ತನ್ನ ಮುಂದೆ ಬಿದ್ದ ಹೊಸ ಕಲ್ಲನ್ನು ಹಿಡಿಯಬೇಕು. ಇಡು, ಹಿಡಿ. ಇಡು, ಹಿಡಿ. ಮೊದಮೊದಲು ಸುಲಭ. ಚಾಪೆಯ ಕೆಳಗಿನ ನೆಲ ಒಂದೇ ಬಡಿತದಲ್ಲಿ ಗುದ್ದಿಸಿಕೊಳ್ಳುತ್ತದೆ. ಗುಂಡಿಯ ಗಂಡಸರೂ ಪಿಕಾಸಿಯನ್ನು ಅದೇ ತಾಳಕ್ಕೆ ಹಾಕತೊಡಗಿದರು.

ಆಮೇಲೆ ಮುದುಕಿ ಹಾಡನ್ನು ಬಿಗಿ ಮಾಡಿದಳು.

ಎದುರಿಗೆ ಕೂತವಳ ಮುಂದೆ ಎರಡು ಕಲ್ಲು ಸೇರಿಕೊಂಡವು. ಅವಳು ಬೈದುಕೊಂಡು ಎದ್ದಳು. ಸುತ್ತು ಕಿರಿದಾಯಿತು. ಇನ್ನೊಬ್ಬಳ ಕಿರುಬೆರಳಿಗೆ ಏಟು ಬಿತ್ತು, ಅವಳೂ ಕಲ್ಲು ಬಿಟ್ಟು ಎದ್ದಳು. ಮೂರನೆಯವಳು ಸುಮ್ಮನೆ ಹಿಂದೆ ಸರಿದಳು. ಉಳಿದದ್ದು ನಾಲ್ವರು. ಈಗ ಹಾಡಿನ ಮಾತುಗಳು ಒಂದರ ಬೆನ್ನಿಗೊಂದು ಓಡುತ್ತಿದ್ದವು. ಜನ ಸುತ್ತ ನಿಂತಿದ್ದರು. ಬಡಗಿಯೂ ಸುತ್ತಿಗೆ ಹಿಡಿದುಕೊಂಡೇ ಬಂದಿದ್ದ.

ಜೆಲ್ಫಾಳ ಮೊದಲ ಕಳ್ಳಪೆಟ್ಟು ವಿನೆಟ್‌ನ ಉಗುರಿಗೆ ಸವರಿಕೊಂಡು ಹೋಯಿತು. ಅದನ್ನು ಕಾಯುತ್ತಿದ್ದ ವಿನೆಟ್ ಕೈಯನ್ನು ಕೂದಲೆಳೆಯ ಅಂತರದಲ್ಲಿ ಎಳೆದುಕೊಂಡಿದ್ದಳು. ಎರಡನೆಯದೂ ನೆಲಕ್ಕೇ ಬಿತ್ತು.

"ಓಡ್ತೀಯಾ?" ಜೆಲ್ಫಾ ಹಾಡಿನ ನಡುವೆಯೇ ಹಲ್ಲುಕಚ್ಚಿ ಅಂದಳು. "ಯಾವಾಗ್ಲೂ ಕತ್ತಲಲ್ಲಿ ಬಂದು ಓಡೋಳು."

"ಅವನೇ ಬರ್ತಿದ್ದ. ನಾನು ಎಲ್ಲೂ ಹೋಗಿಲ್ಲ."

ಮೂರನೆಯ ಪೆಟ್ಟಿಗೆ ವಿನೆಟ್‌ನ ಕೈ ತಡವಾಯಿತು. ಕಲ್ಲು ಅವಳ ನಡುಬೆರಳ ಮೇಲೆ ಪೂರ್ತಿ ಕೂತಿತು. ಒಳಗೆ ಏನೋ ಕಟ್ಟಿಗೆ ಮುರಿದ ಹಾಗಾಯಿತು. ಕಣ್ಣಿಗೆ ಕತ್ತಲೆ ಬಂತು. ಆದರೆ ಈ ಆಟದಲ್ಲಿ ಏಟು ಬಿದ್ದವಳು ಸೋತವಳಲ್ಲ. ಕಲ್ಲು ನಿಲ್ಲಿಸಿದವಳು ಸೋತವಳು. ಇದು ಚಿಕ್ಕಂದಿನಲ್ಲೇ ಮೂಳೆಗೆ ಇಳಿದ ನಿಯಮ. ಅವಳು ಅದೇ ಕೈಯಲ್ಲಿ, ಉಳಿದ ಬೆರಳುಗಳಲ್ಲಿ, ಆ ಕಲ್ಲನ್ನೇ ಎತ್ತಿ ಬರ್ನಿಸ್‌ನ ಮುಂದೆ ಇಟ್ಟಳು. ಕಲ್ಲಿಗೆ ರಕ್ತ ಹತ್ತಿತ್ತು.

ಬರ್ನಿಸ್ ಅದನ್ನು ಮುಟ್ಟಲಿಲ್ಲ. "ಅಯ್ಯೋ ದೇವ್ರೇ," ಎಂದು ಎದ್ದೇಬಿಟ್ಟಳು. ಅಡಿನಾ ಕೈಚಾಚಿ ಆ ಕಲ್ಲು ಎತ್ತಿಕೊಂಡಳು, ಸುತ್ತು ಮುರಿಯಬಾರದಲ್ಲ. ಅಲ್ಲಿಗೆ ಮೂವರು ಉಳಿದರು. ರಕ್ತದ ಕಲ್ಲು ಅಡಿನಾಳಿಂದ ಜೆಲ್ಫಾಳ ಮುಂದೆ ಬಂದು ಬಿತ್ತು.

ಜೆಲ್ಫಾ ಅದನ್ನು ನೋಡಿದಳು. ನೋಡಿದ್ದೇ ತಪ್ಪಾಯಿತು. ಕಲ್ಲಾಟದಲ್ಲಿ ಕಲ್ಲು ನೋಡುವವರುಂಟೆ, ಕಿವಿಯಲ್ಲಿ ಆಡುವ ಆಟ ಅದು. ಅವಳ ಕೈ ಮೇಲೆಯೇ ನಿಂತಿತು. ಹಾಡು ಮುಂದೆ ಹೋಯಿತು. ಇನ್ನೊಂದು ಕಲ್ಲು ಬಿತ್ತು.

"ಎತ್ತೇ, ಎತ್ತೇ!" ಅಡಿನಾ ಪಿಸುಗುಟ್ಟಿದಳು.

ಮೂರನೆಯದೂ ಅವಳ ಮುಂದೆ ಬಂದು ಕೂತಿತು. ವಿನೆಟ್‌ನ ಮುಂದೆ ಬರೀ ಚಾಪೆ. ಮಿಸ್ ಅಯೋನಿ ಹಾಡನ್ನು ಅರ್ಧಕ್ಕೆ ಬಿಟ್ಟಳು.

"ಮುಗೀತು," ಗುಂಡಿಯ ಅಂಚಿನಿಂದ ಮಾಸ್ ರೂಪರ್ಟ್ ಅಂದ. ಕ್ಲೋವಿಸ್‌ನ ಅಣ್ಣ, ಊರವರು ಮರ್ಯಾದೆಗೆ ‘ಮಾಸ್’ ಅನ್ನುವವನು. ಬೆಳಗಿನಿಂದ ಕುಡಿದಿದ್ದರೂ ಡಾಮಿನೋ ಹಲಗೆಯ ಮೇಲೆ ಒಂದು ಕಾಯಿ ತಪ್ಪು ಇಟ್ಟರೂ ಹಿಡಿಯುವ ಮನುಷ್ಯ. "ಆಟ ಆ ಹುಡುಗೀದು."

ವಿನೆಟ್ ಎದ್ದು ಲಂಗದ ಅಂಚಿಗೆ ಬೆರಳು ಸುತ್ತಿಕೊಂಡಳು. "ಕೇಳಿಸ್ತಾ ಜೆಲ್ಫಾ?"

ಜೆಲ್ಫಾ ಮಂಡಿಯ ಮಣ್ಣು ಕೊಡವಿಕೊಂಡಳು. "ಏನು ಕೇಳಿಸ್ಬೇಕು? ಹುಡುಗಿಯರ ಆಟ. ಆಟದ ಮಾತಿಗೆಲ್ಲ ಗಂಡನ್ನ ಕೊಡ್ತಾರಾ?" ಎನ್ನುತ್ತಾ ಒಳಗೆ ಹೋದಳು.

ಒಬ್ಬಳು ನೆಲಕ್ಕೆ ಉಗುಳಿದಳು. ಯಾರ ಮೇಲಿನ ಸಿಟ್ಟಿಗೆ ಅಂತ ಗೊತ್ತಾಗಲಿಲ್ಲ.

ವಿನೆಟ್ ಅಲ್ಲಿಂದ ಹೊರಟುಬಿಡಬಹುದಿತ್ತು. ಬೆರಳು ಕೈಗಿಂತ ದೊಡ್ಡದಾಗುತ್ತಿದೆ ಅನ್ನಿಸುತ್ತಿತ್ತು. ಬರುವ ವಾರ ಒಗೆತವಿಲ್ಲ, ಒಗೆತವಿಲ್ಲದಿದ್ದರೆ ಒಲೆಯೂ ಇಲ್ಲ. ಏವ್ರಿಲ್ ಹತ್ತಿರ ಹೋಗಿ ಕೂತು, ಎಡಗೈಯಲ್ಲಿ ಹಣೆ ಮುಟ್ಟಿದಳು. ಬೆಳಗಿನಷ್ಟೇ ಬೆಚ್ಚಗಿತ್ತು. ಹೊರಡಲಿಲ್ಲ.

ಬಿಸಿಲು ಇಳಿಯುವ ಮುಂಚೆ ಪೆಟ್ಟಿಗೆಯನ್ನು ಹೊರತಂದು ಅಂಗಳದ ನಡುವೆ ಎರಡು ಕುರ್ಚಿಗಳ ಮೇಲೆ ಇಟ್ಟರು. ಕರಗಿದ ಐಸಿನ ನೀರು ಇನ್ನೂ ಬಾಗಿಲಿನಿಂದ ಹರಿಯುತ್ತಿತ್ತು. ಒಂದು ಬದಿಗೆ ಜೆಲ್ಫಾ ನಿಂತಳು, ಇನ್ನೊಂದು ಬದಿಗೆ ಅಡಿನಾ. ಮೂರು ಮಕ್ಕಳನ್ನೂ ಒಬ್ಬೊಬ್ಬರಾಗಿ ಎತ್ತಿ ದಾಟಿಸಿದರು. ಜೆಲ್ಫಾ ಪ್ರತಿ ಸಲ ಮಗುವಿನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು: "ಕ್ಲೋವಿಸ್, ಇವನು ನಿನ್ನ ಮಗ. ಇವನ ತಂಟೆಗೆ ಬರ್ಬೇಡ." ಹಿರಿಯವನಿಗೆ ಆರು ವರ್ಷ. ದಾಟಿಸುವಾಗ ಕಾಲು ಪೆಟ್ಟಿಗೆಗೆ ತಗುಲಿ ಹೆದರಿ ಅತ್ತ.

"ಆಯ್ತು. ಎತ್ತಿ," ಜೆಲ್ಫಾ ಅಂದಳು.

ವಿನೆಟ್ ಮಗುವನ್ನೆತ್ತಿಕೊಂಡು ಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಂತಿದ್ದಳು. ದಾಟಿಸಲು ಎರಡು ಜೊತೆ ಕೈ ಬೇಕು, ಕೊಡುವ ಕೈ ಮತ್ತು ಆಚೆ ಬದಿಯಲ್ಲಿ ತೆಗೆದುಕೊಳ್ಳುವ ಕೈ. ಆಚೆ ಬದಿಯಲ್ಲಿ ಅಡಿನಾ ಇದ್ದಳು. ಅವಳ ಕೈ ಸ್ವಲ್ಪ ಮುಂದೆ ಬಂತು. ಅಕ್ಕನ ಮುಖ ನೋಡಿ ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ವಿನೆಟ್ ಮಿಸ್ ಅಯೋನಿಯ ಕಡೆ ನೋಡಿದಳು. "ನಿಮ್ಮ ಮೊಮ್ಮಗಳು," ಅಂದಳು.

"ನನ್ನ ಕೈಯಲ್ಲಿ ಬಲ ಇಲ್ಲ ಮಗಳೇ," ಮುದುಕಿ ಅಂದಳು. ಅದು ಬರೀ ಕೈಯ ಮಾತಾಗಿರಲಾರದು.

"ಎತ್ರಿ ಅಂದೆ!" ಜೆಲ್ಫಾ ಕಿರುಚಿದಳು.

ಆರು ಗಂಡಸರು ಬಗ್ಗಿದರು. ಮುಂದೆ ಮಾಸ್ ರೂಪರ್ಟ್. ಪೆಟ್ಟಿಗೆ ಕುರ್ಚಿಯಿಂದ ಮೇಲೆದ್ದಿತು, ಎರಡು ಹೆಜ್ಜೆ ಹೋಯಿತು, ನಿಂತಿತು. ಆಮೇಲೆ ಬಲಕ್ಕೆ ಜಗ್ಗಿತು. ಹಿಂದಿನವರು ತೂರಾಡಿದರು.

"ಬರ್ತಿಲ್ಲ," ಮಾಸ್ ರೂಪರ್ಟ್ ಅಂದ.

"ಏನು ಬರ್ತಿಲ್ಲ?"

"ಇವನು ಬರ್ತಿಲ್ಲ. ಭಾರ ಆಗ್ಬಿಟ್ಟಿದಾನೆ. ಗುಂಡಿಗೆ ಇಳಿಯಲ್ಲ ಅಂತಿದಾನೆ. ಇಳಿಸ್ರಪ್ಪಾ, ಇಳಿಸ್ರಿ."

ಇಳಿಸಿದರು. ಹಿಂದೆ ಹೊತ್ತಿದ್ದ ಹುಡುಗರ ಮುಖ ಬೂದಿಯಾಗಿತ್ತು. ಹೆಂಗಸರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಸಾರಿನ ಒಲೆಯ ಹತ್ತಿರದವನು ಬಾಟಲಿಯಿಂದ ನೆಲಕ್ಕೆ ರಮ್ ಸುರಿದ. ವಿನೆಟ್ ನಿಂತಿದ್ದ ಜಾಗದಿಂದ ಬೇರೆಯವರಿಗೆ ಕಾಣದ್ದು ಕಂಡಿತು. ರೂಪರ್ಟ್‌ನ ಬೂಟಿನ ಹಿಮ್ಮಡಿ ಮಣ್ಣಿನಲ್ಲಿ ಎರಡು ಬೆರಳು ಆಳ ಊರಿ ಗುಳಿ ಮಾಡಿತ್ತು. ಅವನು ಅವಳತ್ತ ನೋಡಲಿಲ್ಲ. ಜೆಲ್ಫಾಳತ್ತ ನೋಡುತ್ತಿದ್ದ.

ಆ ಗುಳಿ ಜೆಲ್ಫಾಳಿಗೂ ಕಂಡಿತು. ಕಂಡದ್ದು ಅವಳ ಮುಖದಲ್ಲಿ ಗೊತ್ತಾಯಿತು.

"ನೀನು, ರೂಪರ್ಟ್..."

"ನಾನೇನು ಮಾಡ್ಲಿ ಜೆಲ್ಫಾ?" ಅವನು ಎರಡೂ ಅಂಗೈ ತೋರಿಸಿದ. "ಸತ್ತವನನ್ನ ಒತ್ತಾಯ ಮಾಡೋಕಾಗುತ್ತಾ? ಏನೋ ಬಾಕಿ ಇದೆ ಅಂತಿದಾನೆ. ಇಲ್ಲಿ ಏನು ಬಾಕಿ ಇದೆ ಅಂತ ನೀನೇ ಯೋಚ್ನೆ ಮಾಡು. ಇಲ್ಲದಿದ್ರೆ ಇಲ್ಲೇ ಇರ್ತಾನೆ. ನಿನ್ನ ಬಾಗಿಲಲ್ಲೇ. ಪ್ರತಿ ರಾತ್ರಿ ಬಂದು ನಿನ್ನನ್ನೇ ಕೇಳ್ತಾನೆ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಮಾಸ್ ರೂಪರ್ಟ್ ಸುಳ್ಳು ಹೇಳುತ್ತಿದ್ದಾನೆ ಅಂತ ಜೆಲ್ಫಾ ಹೇಳಬಹುದಿತ್ತು. ಹೇಳಿದರೆ, ಗಂಡನ ದೆವ್ವಕ್ಕಿಂತ ತನ್ನ ಹಟ ದೊಡ್ಡದು ಅಂದ ಹೆಂಡತಿ ಆಗುತ್ತಿದ್ದಳು. ಗುಂಡಿಯ ಅಂಚಿನಲ್ಲಿ ಅವಳ ಮೂರು ಮಕ್ಕಳು ಅಂಟಿಕೊಂಡು ನಿಂತಿದ್ದರು.

ಅವಳು ಪೆಟ್ಟಿಗೆಯನ್ನು ಬಳಸಿಕೊಂಡು ಆಚೆ ಬದಿಗೆ ಹೋದಳು. ಅಡಿನಾಳನ್ನು ಮೊಣಕೈಯಿಂದ ತಳ್ಳಿದಳು.

"ಕೊಡು."

ವಿನೆಟ್ ಮಗುವನ್ನು ಎತ್ತಿದಳು. ಬಲಗೈಯಲ್ಲಿ ಹಿಡಿತವಿರಲಿಲ್ಲ. ಏವ್ರಿಲ್ ಜಾರಿ ಪೆಟ್ಟಿಗೆಯ ಮೇಲೆ ಬೀಳುವಂತಾದಳು. ಅಷ್ಟರಲ್ಲಿ ಜೆಲ್ಫಾ ಕೈ ಚಾಚಿ ಅವಳ ಕಂಕುಳಿಗೆ ಕೈಹಾಕಿ ಎಳೆದುಕೊಂಡಳು. ಕೋಳಿಯನ್ನು ಹಿಡಿದಂತೆ.

"ಹೆಸರು ಹೇಳು," ಮಿಸ್ ಅಯೋನಿ ಅಂದಳು.

ಜೆಲ್ಫಾ ಬಾಯಿ ಬಿಡಲಿಲ್ಲ. ಮಗು ಗಾಳಿಯಲ್ಲಿ, ಪೆಟ್ಟಿಗೆಯ ಮೇಲೆ ತೂಗುತ್ತಿತ್ತು.

"ಕ್ಲೋವಿಸ್," ವಿನೆಟ್ ಕೂಗಿದಳು. ದನಿ ಒಡೆಯಿತು, ಮತ್ತೆ ಕೂಗಿದಳು. "ಕ್ಲೋವಿಸ್, ಇವಳು ಏವ್ರಿಲ್. ನಿನ್ನ ಮಗಳು. ಇವಳ ತಂಟೆಗೆ ಬರ್ಬೇಡ."

ಜೆಲ್ಫಾ ಮಗುವನ್ನು ನೆಲಕ್ಕೆ ಇಳಿಸಿದಳು. ಇಳಿಸಿದಳು ಅನ್ನುವುದಕ್ಕಿಂತ ಬಿಟ್ಟಳು. ಆಮೇಲೆ ಕೈಯನ್ನು ಕಪ್ಪು ಉಡುಪಿಗೆ ಒರೆಸಿಕೊಂಡಳು.

"ಕರ್ಕೊಂಡು ಹೋಗು," ಅಂದಳು. "ಅವನಿಗೆ ಈಗ ನಿನ್ನ ಮನೇಲಿ ಕೆಲಸ ಇಲ್ಲ. ನನ್ನ ಮನೇಲಿ ನಿನಗೂ ಇಲ್ಲ. ಇನ್ನೊಂದು ಸಲ ಈ ದಾರೀಲಿ ಕಂಡ್ರೆ ಅವತ್ತು ಇದು ಸಾವಿನಂಗಳ ಆಗಿರಲ್ಲ. ನೆನಪಿಟ್ಕೋ."

ಮಾಸ್ ರೂಪರ್ಟ್ ಬಗ್ಗಿದ. ಪೆಟ್ಟಿಗೆ ಹೂವಿನಂತೆ ಎದ್ದಿತು.

ವಿನೆಟ್ ಊಟಕ್ಕೆ ನಿಲ್ಲಲಿಲ್ಲ. ಯಾರೂ ನಿಲ್ಲು ಅಂತ ಅನ್ನಲೂ ಇಲ್ಲ. ಗೇಟು ದಾಟಿದ ಮೇಲೂ ಬೆನ್ನ ಹಿಂದೆ ಮಣ್ಣು ಹಲಗೆಯ ಮೇಲೆ ಬೀಳುವ ಸದ್ದು ಕೇಳುತ್ತಿತ್ತು. ಇಳಿಜಾರಿನಲ್ಲಿ ಏವ್ರಿಲ್ ನಿಂತು ತೋಳು ಎತ್ತಿದಳು.

"ಆ ಹೆಂಗಸು ನೋವು ಮಾಡಿದ್ಲು."

ಕಂಕುಳ ಕೆಳಗೆ ಉಗುರಿನ ಗುರುತು, ಕೆಂಪಗೆ, ಸಾಲಾಗಿ. ವಿನೆಟ್ ಎಂಜಲು ಹಚ್ಚಿ ಒರೆಸಿದಳು. ಗುರುತು ಹೋಗಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡಿದಳು. ಮುರಿದ ಬೆರಳಿನ ಬಿಸಿಗೆ ತನ್ನ ಕೈಯೇ ಸುಡುತ್ತಿತ್ತು, ಅದರಲ್ಲಿ ಏನೂ ಗೊತ್ತಾಗಲಿಲ್ಲ.

"ನಡಿ," ಅಂದಳು. "ಬೇಗ ನಡಿ."